ಪೆನ್ನಪ್ಪನ ಎಡಗೈ

ಆ ಕಾಲಕ್ಕೆ ನಮ್ಮ ನಾಡಿನಲ್ಲಿ ಇಬ್ಬರು ಪೆನ್ನಪ್ಪಂದಿರು ಇದ್ದರು.

ಒಬ್ಬ ಯಂತ್ರ. ಆಡಿನ ಮರಿಯಷ್ಟು ಎತ್ತರ, ಆರು ಕಾಲು, ಮುಂದೊಂದು ಪುಟ್ಟ ಸುತ್ತಿಗೆ. ಹಳೆಯ ಕಲ್ಲಿನ ಸೇತುವೆಗಳ ಕಮಾನಿನ ಹೊಟ್ಟೆಗೆ ಹಲ್ಲಿಯ ಹಾಗೆ ಅಂಟಿಕೊಂಡು ಒಂದೊಂದೇ ಕಲ್ಲನ್ನು ಕುಟ್ಟುತ್ತಾ ಹೋಗುತ್ತಿತ್ತು. ಕುಟ್ಟಿದ ಮೇಲೆ ಒಂದು ಗಳಿಗೆ ಸುಮ್ಮನಿದ್ದು, ಮುದುಕನ ದನಿಯಲ್ಲಿ 'ಗಟ್ಟಿ' ಅನ್ನುವುದು, ಇಲ್ಲವೆ 'ಪೊಳ್ಳು' ಅನ್ನುವುದು. ಅದಕ್ಕೆ ಬರುತ್ತಿದ್ದುದು ಆ ಎರಡೇ ಮಾತು. ಪೊಳ್ಳು ಬಂದ ಕಡೆ ಸುಣ್ಣದ ಗಾರೆ ತುಂಬಿ, ಎಲ್ಲ ಕಲ್ಲೂ ಗಟ್ಟಿ ಅನ್ನಿಸಿಕೊಂಡ ಮೇಲೆ ಸೇತುವೆಯ ಎರಡೂ ತುದಿಯಲ್ಲಿ ಹಸಿರು ದೀಪ ಹಚ್ಚುತ್ತಿದ್ದರು. ಬಸ್ಸಿನ ಡ್ರೈವರುಗಳು ಆ ದೀಪ ಕಂಡರೆ ಹಣೆ ಮುಟ್ಟಿಕೊಂಡೇ ಮುಂದೆ ಹೋಗುತ್ತಿದ್ದರು. ಹೆಣ್ಣು ಕೊಡುವವರು ಗಂಡಿನ ಮನೆತನ ವಿಚಾರಿಸುವಾಗ, 'ಯಾವುದಕ್ಕೂ ಪೆನ್ನಪ್ಪನ ಕೈಲಿ ಒಂದ್ಸಲ ಕುಟ್ಟಿಸಿ ನೋಡ್ರಿ' ಎಂದು ನಗುವಷ್ಟು ಆ ಹೆಸರು ಜನರ ಬಾಯಿಗೆ ಹತ್ತಿತ್ತು.

ಇನ್ನೊಬ್ಬ ಮನುಷ್ಯ. ಭೋವಿ ಪೆನ್ನಪ್ಪ, ಎಪ್ಪತ್ತೊಂದು ವರ್ಷ. ದಾವಣಗೆರೆಯಲ್ಲಿ ಮಗಳ ಮನೆಯ ಜಗಲಿಯ ಮೇಲೆ ಕೂತು, ಹೋಗಿ ಬರುವವರಿಗೆಲ್ಲ 'ನಾನೇ ಒರಿಜಿನಲ್ಲು' ಎಂದು ಪರಿಚಯ ಹೇಳಿಕೊಳ್ಳುವ ಚಪಲದ ಮುದುಕ. ಯಂತ್ರಕ್ಕೆ ಅವನ ಹೆಸರು ಇಟ್ಟವಳು ಮಗಳು ಚಂದ್ರಕಲಾ. ಯಂತ್ರ ಮಾಡಿದವಳೂ ಅವಳೇ. ರಾಜ್ಯದ ಸೇತುವೆ ಆರೋಗ್ಯ ಕೇಂದ್ರಕ್ಕೆ ಈಗ ಅವಳೇ ಮುಖ್ಯಸ್ಥೆ.

ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಚಂದ್ರಕಲಾಗೂ ಬಹಳ ವರ್ಷ ಹಾಗೇ ಇತ್ತು. ಕಲ್ಲಿನ ಸೇತುವೆಯ ರೋಗ ಹೊರಗೆ ಕಾಣುವುದಿಲ್ಲ. ಹೊರಮೈಗೆ ಚೆಂದವಾಗಿ ಕಡೆದ ಕಲ್ಲು, ಒಳಗೆ ಸುಣ್ಣದ ಗಾರೆಯಲ್ಲಿ ಕಲಸಿ ತುಂಬಿದ ಚೂರುಗಲ್ಲು. ನೂರೈವತ್ತು ವರ್ಷದ ಮಳೆನೀರು ಸಂದಿಯಲ್ಲಿಳಿದು ಆ ಸುಣ್ಣವನ್ನು ಸ್ವಲ್ಪ ಸ್ವಲ್ಪವೇ ತೊಳೆದುಕೊಂಡು ಹೋಗುತ್ತದೆ. ಮುಂದಿನ ಕಲ್ಲು ನೆಟ್ಟಗೇ ಇರುತ್ತದೆ, ಅದರ ಬೆನ್ನಿಗೆ ಆಸರೆಯೇ ಇರುವುದಿಲ್ಲ. ರೇಡಾರು ತಂದು ನೋಡಿದರು, ಶಬ್ದದ ಅಲೆ ಬಿಟ್ಟು ನೋಡಿದರು. ಒಳಗಿನ ಚೂರುಗಲ್ಲಿನ ಗೋಜಲಿನಲ್ಲಿ ಯಾವುದಕ್ಕೂ ತಲೆಬುಡ ತಿಳಿಯಲಿಲ್ಲ. ಆಗ ಅವಳಿಗೆ ಅಪ್ಪನ ನೆನಪಾಯಿತು.

ಪೆನ್ನಪ್ಪ ಹತ್ತೊಂಬತ್ತನೆಯ ವಯಸ್ಸಿನಿಂದ ಸೇತುವೆ ರಿಪೇರಿ ಗ್ಯಾಂಗಿನಲ್ಲಿ ಕಲ್ಲು ಕುಟ್ಟಿ ನೋಡುವ ಆಳು. ಬಲಗೈಯಲ್ಲಿ ಸುತ್ತಿಗೆ, ಎಡ ಅಂಗೈ ಕಲ್ಲಿನ ಮೇಲೆ. ಅದಕ್ಕೂ ಮುಂಚೆ ಬಂಡೆ ಸಿಡಿಸುವ ಕೆಲಸ ಮಾಡಿ ಕಿವಿ ಮಂದವಾಗಿದ್ದವು. ಜೋರಾಗಿ ಮಾತಾಡಿದರೆ ಕೇಳುತ್ತಿತ್ತು, ಕಲ್ಲಿನ ಸಣ್ಣ ದನಿ ಕೇಳುತ್ತಿರಲಿಲ್ಲ. 'ಕಿವಿ ಮೋಸ ಮಾಡ್ತಾವೆ, ಅಂಗೈ ಮಾಡಲ್ಲ' ಎನ್ನುತ್ತಿದ್ದ. ಪೆಟ್ಟಿನ ನಡುಕ ಅಂಗೈಗೆ ಹತ್ತಿದ ರೀತಿಯಲ್ಲೇ ಕಲ್ಲಿನ ಒಳಗಿನ ಗುಟ್ಟು ಹೇಳುತ್ತಿದ್ದ. ಆ ಅಂಗೈಯ ತಿಳಿವಳಿಕೆಯನ್ನು ಯಂತ್ರಕ್ಕೆ ಕಲಿಸಿಬಿಟ್ಟರೆ? ಒಬ್ಬ ಪೆನ್ನಪ್ಪನ ಬದಲು ಐವತ್ತು ಪೆನ್ನಪ್ಪಂದಿರು ನಾಡಿನ ಸೇತುವೆಗಳನ್ನೆಲ್ಲ ಕಾದರೆ?

ಎರಡು ವರ್ಷ ಕಲಿಸಿದಳು. ಕಮಾನಿನ ಕೆಳಗೆ ಬೊಂಬು ಕಟ್ಟಿದ ಸಾರವೆಯ ಮೇಲೆ ಅಪ್ಪ ಕುಟ್ಟುವುದು, ತೀರ್ಪು ಹೇಳುವುದು. ಕಲ್ಲಿಗೆ ಅಂಟಿಸಿದ ಬಿಲ್ಲೆಗಳು ಸದ್ದನ್ನೂ ನಡುಕವನ್ನೂ ಹಿಡಿದಿಡುವುದು. ಮೂಲೆಯಲ್ಲೊಂದು ಕ್ಯಾಮೆರಾ, ಎದುರಿಗೆ ಬರೆದುಕೊಳ್ಳುವ ಮಗಳು. ಹೀಗೆ ನಲವತ್ತು ಸಾವಿರ ಪೆಟ್ಟು. ಅಷ್ಟನ್ನೂ ಅರಗಿಸಿಕೊಂಡ ಯಂತ್ರ ಆಮೇಲೆ ತಾನೇ ತೀರ್ಪು ಹೇಳತೊಡಗಿತು. ಅನುಮಾನ ಬೇಡವೆಂದು ನೂರು ಕಲ್ಲು ಕೊರೆದು ನೋಡಿದರು. ಎರಡೋ ಮೂರೋ ಬಿಟ್ಟರೆ ಎಲ್ಲವೂ ಮುದುಕ ಹೇಳಿದ ಹಾಗೇ ಇತ್ತು.

ಈ ಮಗಳು ಶಾಲೆಯಲ್ಲಿ 'ನಿಮ್ಮಪ್ಪ ಏನು ಮಾಡ್ತಾರೆ' ಎಂದು ಕೇಳಿದ್ದಕ್ಕೆ 'ಕಂಟ್ರಾಕ್ಟರು' ಎಂದು ಸುಳ್ಳು ಹೇಳಿದ್ದವಳು. ಅದು ಪೆನ್ನಪ್ಪನ ಕಿವಿಗೆ ಬಿದ್ದಿತ್ತು, ಒಂದು ದಿನವೂ ಎತ್ತಿ ಆಡಿರಲಿಲ್ಲ. ತೀರಿಹೋದ ಅವಳ ತಾಯಿ ಬೇರೆಯೇ ಒಂದು ಮಾತು ಹೇಳಿಕೊಂಡು ನಗುತ್ತಿದ್ದಳು. ಸೇತುವೆಯ ನೆರಳಲ್ಲಿ ಸೀರೆಯ ಜೋಲಿ ಕಟ್ಟಿ ಕೂಸನ್ನು ಮಲಗಿಸಿದರೆ, ಪೊಳ್ಳು ಕಲ್ಲಿಗೆ ಪೆಟ್ಟು ಬಿದ್ದಾಗೆಲ್ಲ ಚಂದ್ರಿ ನಿದ್ದೆಯಲ್ಲೇ ಹುಣಸೆಕಾಯಿ ಕಚ್ಚಿದ ಹಾಗೆ ಮುಖ ಕಿವುಚುತ್ತಿದ್ದಳಂತೆ. ತಾಯಂದಿರು ಇಂಥವು ಎಷ್ಟೋ ಹೇಳುತ್ತಾರೆ ಎಂದು ಯಾರೂ ಅದನ್ನು ತಲೆಗೆ ಹಚ್ಚಿಕೊಂಡಿರಲಿಲ್ಲ.

ಒಂದು ಮಂಗಳವಾರ ಬೆಳಿಗ್ಗೆ ಆರೂಮುಕ್ಕಾಲಿಗೆ, ವೇದಾವತಿ ಹೊಳೆಯ ಮೇಲಿನ ಸೂರಪ್ಪನಹಟ್ಟಿ ಸೇತುವೆಯ ಐದನೆಯ ಕಮಾನು ಕುಸಿದುಬಿತ್ತು. ದೀಪ ಹಸಿರಾಗಿಯೇ ಇತ್ತು. ಹಾಲಿನ ವ್ಯಾನಿನ ತಿಪ್ಪೇಶಿ ಎಂದಿನಂತೆ ಹಣೆ ಮುಟ್ಟಿಕೊಂಡು ಸೇತುವೆ ಏರಿದ್ದನ್ನು ದಡದಲ್ಲಿ ಹಲ್ಲುಜ್ಜುತ್ತಿದ್ದವರು ನೋಡಿದ್ದರು. ಇಪ್ಪತ್ತೊಂಬತ್ತು ವರ್ಷದ ಹುಡುಗ. ಹೆಂಡತಿ ಎಂಟು ತಿಂಗಳ ಬಸುರಿ.

ಕಂಟ್ರೋಲ್ ರೂಮಿನ ಗೋಡೆಯ ಮೇಲೆ ಇನ್ನೂರ ಹದಿನಾಲ್ಕು ಸೇತುವೆಗಳ ನಕ್ಷೆ. ಒಂದು ಚುಕ್ಕಿ ಕೆಂಪು, ಉಳಿದವೆಲ್ಲ ಹಸಿರು. ಹೊಳೆಯಿಂದ ಬಂದ ಕೆಸರು ಬೂಟಿನಲ್ಲೇ ಚಂದ್ರಕಲಾ ಬಂದು ಕೂತಳು. ಧ್ವನಿ ದಾಖಲೆಗಳನ್ನು ನೋಡಿಕೊಳ್ಳುವ ಸಮೀಉಲ್ಲಾ ಆಗಲೇ ಹುಡುಕಿ ಇಟ್ಟಿದ್ದ.

"ಮೊದಲು ಬಿದ್ದಿರೋದು ಇಪ್ಪತ್ತಮೂರನೇ ಕಲ್ಲು ಮೇಡಂ. ಅದು ಜಾರಿದ ಮೇಲೆ ಕಮಾನು ನಿಲ್ಲಲಿಲ್ಲ. ಮಾರ್ಚಿನಲ್ಲಿ ಯಂತ್ರ ಅದನ್ನ ಗಟ್ಟಿ ಅಂದಿದೆ."

"ಸದ್ದು ಹಾಕು."

ಸುತ್ತಿಗೆಯ ಒಂದು ಪೆಟ್ಟು ಕೇಳಿತು, ಹಿಂದೆಯೇ ಅಪ್ಪನ ದನಿಯಲ್ಲಿ 'ಗಟ್ಟಿ'. ಸಮೀಉಲ್ಲಾ ಅವಳನ್ನೇ ನೋಡಿದ.

"ಯಾಕೆ ಮೇಡಂ, ಹಲ್ಲುನೋವಾ? ಮುಖ ಹಂಗೆ ಮಾಡಿದ್ರಿ."

"ಏನಿಲ್ಲ. ಸಮೀ, ಇದು ಪೊಳ್ಳು."

"ಯಂತ್ರ ಗಟ್ಟಿ ಅಂತಿದೆಯಲ್ಲ."

"ಯಂತ್ರಕ್ಕೆ ಹಾಗಂತ ಹೇಳಿಕೊಟ್ಟವರು ಯಾರು ನೋಡು. ಯಾವ ಪಾಠದಿಂದ ಕಲಿತಿದೆ ಅದು?"

ಸಮೀಉಲ್ಲಾ ಹುಡುಕಿದ. ಬಹಳ ಹೊತ್ತೇನೂ ಹಿಡಿಯಲಿಲ್ಲ. ಕಲಿಕೆಯ ಎರಡನೆಯ ವರ್ಷ, ಇದೇ ಸೇತುವೆ, ಇದೇ ಕಮಾನು, ಇದೇ ಕಲ್ಲು. ಅಂದೂ ಸದ್ದು ಹೆಚ್ಚುಕಡಿಮೆ ಹೀಗೇ ಇತ್ತು. ತೀರ್ಪಿನ ಕಾಲಮ್ಮಿನಲ್ಲಿ ಪೆನ್ನಪ್ಪನ ಹೆಸರಿನ ಮುಂದೆ 'ಗಟ್ಟಿ' ಎಂದಿತ್ತು. ಸಮೀಉಲ್ಲಾ ಕುರ್ಚಿಯನ್ನು ಸ್ವಲ್ಪ ಹಿಂದೆ ಸರಿಸಿದ, ಮೇಡಂ ಮುಖ ನೋಡುವ ಧೈರ್ಯ ಅವನಿಗೆ ಬರಲಿಲ್ಲ.

ಮಧ್ಯಾಹ್ನ ಮೇಲಿನವರ ಫೋನು ಬಂತು. ಆ ದಾರಿಯಲ್ಲಿ ಗ್ರಾನೈಟ್ ಲಾರಿಗಳು ಮಿತಿಮೀರಿ ಹೇರಿಕೊಂಡು ಓಡಾಡುತ್ತವೆ, ವ್ಯಾನಿನವನೂ ಕ್ಯಾನು ಜಾಸ್ತಿ ಹಾಕಿದ್ದನಂತೆ, ಹಾಗೇ ಬರೆದು ಶುಕ್ರವಾರ ವರದಿ ಕಳಿಸಿ ಅಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಆದರೂ ಒಂದು ಗಳಿಗೆ ಅವಳ ಜೀವ ಆ ಮಾತಿಗೆ ಜೋತುಬಿತ್ತು. ಹಾಗೆ ಬರೆದರೆ ಅಪ್ಪನ ಹೆಸರು ಉಳಿಯುತ್ತದೆ, ಹಸಿರು ದೀಪಗಳು ಹಸಿರಾಗಿಯೇ ಉರಿಯುತ್ತವೆ. ಆದರೆ ಒಂದು ಪಾಠ ಸುಳ್ಳಾಗಿದ್ದರೆ ಇನ್ನೆಷ್ಟು ಸುಳ್ಳಿವೆಯೋ, ಅವುಗಳನ್ನು ನಂಬಿ ಇವತ್ತು ಎಷ್ಟು ಶಾಲೆಯ ಬಸ್ಸು ಹೊಳೆ ದಾಟುತ್ತಿವೆಯೋ. ಬ್ಯಾಗು ತೆಗೆದುಕೊಂಡು ಮನೆಗೆ ಹೊರಟಳು. ಕೇಳಬೇಕಾದದ್ದು ಅಪ್ಪನನ್ನೇ.

ಅವಳ ಗಂಡ ಪರಮೇಶಿ ಹೈಸ್ಕೂಲು ಮೇಷ್ಟ್ರು. ಸ್ಕೂಲು ಬಿಟ್ಟು ಬಂದು ಕಾಫಿ ಸೋಸುತ್ತಿದ್ದ. ಕುದಿಯುವ ಕಾಫಿಯ ಸ್ಟೀಲು ಲೋಟವನ್ನು ಬಟ್ಟೆ ಸುತ್ತಿ ತಂದು ಮಾವನ ಮುಂದಿಟ್ಟ. ಪೆನ್ನಪ್ಪ ಬಟ್ಟೆ ಸರಿಸಿ ಎಡಗೈಯಲ್ಲಿ ಲೋಟವನ್ನು ಇಡಿಯಾಗಿ ಹಿಡಿದುಕೊಂಡ.

"ನೋಡು ಚಂದ್ರಾ, ನಿಮ್ಮಪ್ಪಂದು ಕೈಯಲ್ಲ, ಕಗ್ಗಲ್ಲು," ಎಂದ ಪರಮೇಶಿ.

"ಕಲ್ಲು ಕುಟ್ಟಿದ ಕೈ ಕಣಪ್ಪ ಮೇಷ್ಟ್ರೆ. ನಿಮ್ಮಂಗೆ ಸೀಮೆಸುಣ್ಣ ಹಿಡಿದ ಕೈಯಲ್ಲ," ಎಂದ ಮುದುಕ.

ಇದು ಆ ಮನೆಯ ಹಳೆಯ ತಮಾಷೆ. ನಾಲ್ಕೈದು ವರ್ಷದಿಂದ ಮುದುಕ ಬಿಸಿ ಬಾಣಲೆ ಇಳಿಸಿದಾಗ, ಕಾದ ಹೆಂಚಿನಿಂದ ರೊಟ್ಟಿ ಎತ್ತಿದಾಗ ಎಲ್ಲರೂ ಹೀಗೇ ನಕ್ಕಿದ್ದರು. ಭೋವಿ ಕೇರಿಯಲ್ಲಿ ಸುಡು ತಾಳುವ ಕೈ ಅಂದರೆ ಹೆಮ್ಮೆ. ಮದುವೆಯಲ್ಲಿ ಬೀಗರ ಮುಂದೆ ಕೆಂಡ ಎತ್ತಿ ತೋರಿಸುವ ಗಂಡಸರ ಕುಲ ಅದು. ಚಂದ್ರಕಲಾಳೂ ಎಷ್ಟೋ ಸಲ ನಕ್ಕಿದ್ದಳು. ಇವತ್ತು ನಗು ಬರಲಿಲ್ಲ. ಎದ್ದು ಬಂದು ಅಪ್ಪನ ಕೈಯಿಂದ ಲೋಟ ತೆಗೆದುಕೊಂಡಳು. ಬೆರಳು ಚುರುಕ್ಕೆಂದು ಲೋಟ ನೆಲಕ್ಕೆ ಬಿತ್ತು. ಅಪ್ಪನ ಅಂಗೈ ಬಿಡಿಸಿ ನೋಡಿದಳು. ನಡುವೆ ಬೆಳ್ಳಗೆ ಬೊಕ್ಕೆ ಏಳುತ್ತಿತ್ತು. ಅದರ ಸುತ್ತ ಹಳೆಯ ಸುಟ್ಟ ಕಲೆಗಳು, ಒಂದರ ಮೇಲೊಂದು.

ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದಳು. "ಅಪ್ಪ, ನಾನು ಯಾವ ಬೆರಳು ಮುಟ್ತೀನಿ ಹೇಳು."

ಪೆನ್ನಪ್ಪ ಕೈಯ ಕಡೆ ನೋಡಲಿಲ್ಲ, ಅವಳ ಮುಖ ನೋಡಿದ, ಅವಳ ಕಣ್ಣು ಎತ್ತ ಇಳಿಯಿತೆಂದು ನೋಡಿದ. "ಉಂಗುರದ್ದು," ಎಂದ. ಸರಿಯಾಗಿತ್ತು. "ಈಗ ಕಿರುಬೆರಳು." ಅದೂ ಸರಿಯಾಗಿತ್ತು.

"ಕಣ್ಣು ಮುಚ್ಚಿಕೋ."

"ಯಾಕವ್ವ?"

"ಮುಚ್ಚಿಕೋ ಅಪ್ಪ."

ಮುದುಕ ಕಣ್ಣು ಮುಚ್ಚಿಕೊಂಡ. ಚಂದ್ರಕಲಾ ಹೆಬ್ಬೆರಳಿನ ಬುಡಕ್ಕೆ ಪಿನ್ನು ಊರಿದಳು. ರಕ್ತದ ಒಂದು ಹನಿ ಮೇಲೆದ್ದು, ಗೆರೆಯ ಗುಂಟ ಹರಿದು ಮಣಿಕಟ್ಟಿಗೆ ಬಂತು. ಪರಮೇಶಿ ಬಾಗಿಲಲ್ಲೇ ನಿಂತುಬಿಟ್ಟ. ಪೆನ್ನಪ್ಪ ಕಣ್ಣು ಮುಚ್ಚಿಕೊಂಡೇ ಸ್ವಲ್ಪ ಹೊತ್ತು ಕಾದ.

"ಚುಚ್ಚವ್ವ. ಯಾಕ್ ತಡ ಮಾಡ್ತೀಯ," ಎಂದ.

ಅವಳು ಸೆರಗಿನಿಂದ ಆ ಕೈ ಒತ್ತಿ ಹಿಡಿದು ಅತ್ತುಬಿಟ್ಟಳು. ಮುದುಕ ಕಣ್ಣು ಬಿಟ್ಟು ಸೆರಗಿನ ರಕ್ತ ನೋಡಿದ. ಗುಟ್ಟು ರಟ್ಟಾಯಿತೆಂದು ತಿಳಿಯಿತು.

"ಯಾವಾಗಿಂದ ಅಪ್ಪ?"

"ಕಲ್ಸೋಕೆ ಶುರು ಮಾಡ್ದಾಗ ಸರಿಯಾಗೇ ಇತ್ತು ಕಣವ್ವ. ಎರಡನೇ ವರ್ಷ ಯುಗಾದಿ ಹೊತ್ತಿಗೆ ಬೆರಳತುದಿ ಜೋಮು ಹಿಡೀತು. ಸಕ್ಕರೆ ಕಾಯಿಲೆದು, ಹಿಂಗೇ ಆಗ್ತದೆ ಅಂದ್ರು ಡಾಕ್ಟ್ರು. ದಸರಾ ಹೊತ್ತಿಗೆ ಏನೂ ಇರ್ಲಿಲ್ಲ. ಕಲ್ಲೋ ಗೋಣಿಚೀಲಾನೋ, ನನ್ ಕೈಗೆ ಎರಡೂ ಒಂದೇ."

"ಮತ್ತೆ ಆಮೇಲೆ ಹೇಗೆ ಹೇಳ್ತಿದ್ದೆ? ಕೊರೆದು ನೋಡಿದಾಗ ಎಲ್ಲ ಸರಿ ಬಂತಲ್ಲ?"

"ನಿನ್ ಮುಖ ನೋಡಿ ಹೇಳ್ತಿದ್ದೆ."

ಚಂದ್ರಕಲಾಗೆ ಅರ್ಥವಾಗಲಿಲ್ಲ. ಮುದುಕ ತಾನೇ ಮುಖ ಕಿವುಚಿ ತೋರಿಸಿದ. "ಪೊಳ್ಳು ಬಿದ್ರೆ ಹಿಂಗೆ ಮಾಡ್ತೀಯ. ಜೋಲೀಲಿದ್ದಾಗಿಂದ ಮಾಡ್ತೀಯ, ನಿಮ್ಮವ್ವ ಹೇಳ್ತಿರ್ಲಿಲ್ವ? ಗಟ್ಟಿ ಆದ್ರೆ ಸುಮ್ನೆ ಬರ್ಕೊಂತೀಯ. ನಿನ್ ಕಿವಿ ನನ್ ಕೈಗಿಂತ ಚುರುಕು ಕಣವ್ವ. ನಿನಗೇ ಗೊತ್ತಿಲ್ಲ ಅಷ್ಟೆ."

"ಹೇಳಬಾರದಿತ್ತಾ? ನನಗೆ ಒಂದು ಮಾತು ಹೇಳಬಾರದಿತ್ತಾ ಅಪ್ಪ?"

ಮುದುಕ ನೆಲದ ಮೇಲೆ ಹರಡಿದ ಕಾಫಿಯನ್ನೇ ನೋಡುತ್ತಾ ಕೂತ. "ಕೈ ಹೋತು ಅಂದಿದ್ರೆ ನೀನು ಬರೋದು ನಿಂತೋಗ್ತಿತ್ತು. ನಾನೇನು ಕೆಲ್ಸ ಮಾಡ್ತೀನಿ ಅಂತ ನೀನು ಯಾವತ್ತೂ ಕೇಳ್ದೋಳಲ್ಲ. ಎರಡು ವರ್ಷ ದಿನಾ ಎದುರಿಗೆ ಕುಂತೆ. ಬುತ್ತಿ ಹಂಚ್ಕೊಂಡೆ. ಹೇಳಪ್ಪ ಹೇಳಪ್ಪ ಅಂತ ಕೇಳ್ತಿದ್ದೆ. ಇನ್ನೊಂದಿನ ಇರ್ಲಿ, ಇನ್ನೊಂದಿನ ಇರ್ಲಿ ಅಂತ ಆಸೆ ಆತು ಕಣವ್ವ ನನಗೆ."

ಚಂದ್ರಕಲಾ ಸೆರಗನ್ನು ಇನ್ನೊಮ್ಮೆ ಅಪ್ಪನ ಅಂಗೈಗೆ ಒತ್ತಿದಳು. ಆದರೂ ಹೇಳಲೇಬೇಕಿತ್ತು. ಬೆಳಗಿನ ಸುದ್ದಿಯನ್ನು ಮನೆಯವರು ಮುದುಕನಿಂದ ಮುಚ್ಚಿಟ್ಟಿದ್ದರು.

"ಸೂರಪ್ಪನಹಟ್ಟಿ ಸೇತುವೆ ಬಿದ್ದಿದೆ ಅಪ್ಪ. ಒಬ್ಬ ಸತ್ತಿದ್ದಾನೆ. ನೀನು ಗಟ್ಟಿ ಅಂದ ಕಲ್ಲೇ ಮೊದಲು ಜಾರಿದ್ದು."

ಮುದುಕ ಬಗ್ಗಿ ಬಿದ್ದಿದ್ದ ಲೋಟವನ್ನು ಎತ್ತಿ ಪಕ್ಕಕ್ಕಿಟ್ಟ. ಆಮೇಲೆ, "ಯಾರ ಮಗ ಅವ್ನು?" ಎಂದು ಕೇಳಿದ. ಹೇಳಿದಳು. ಹೆಂಡತಿ ಬಸುರಿ ಎಂಬುದನ್ನೂ ಹೇಳಿದಳು. ಪೆನ್ನಪ್ಪ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತ. ಅವತ್ತು ಊಟಕ್ಕೂ ಅವನ್ನು ಹೊರಗೆ ತೆಗೆಯಲಿಲ್ಲ.

ಮಾರನೆಯ ಬೆಳಿಗ್ಗೆ ಚಂದ್ರಕಲಾ ಕಂಟ್ರೋಲ್ ರೂಮಿಗೆ ಹೋಗಿ ಆ ದಿನದ ವಿಡಿಯೊ ಹಾಕಿಸಿದಳು. ಸಮೀಉಲ್ಲಾ ತಾನು ಹೊರಗಿರುತ್ತೇನೆ ಅಂದ. "ಬೇಡ, ಸಾಕ್ಷಿಗೆ ಒಬ್ಬರು ಬೇಕು, ಕೂತುಕೋ," ಎಂದಳು.

ಪರದೆಯ ಮೇಲೆ ಸಾರವೆ, ಕಮಾನಿನ ತಂಪು ನೆರಳು, ಕೆಳಗೆ ಹೊಳೆಯ ನೀರಿನ ಬೆಳಕು. ಅಪ್ಪ ಕುಟ್ಟುತ್ತಾನೆ. ಎಡ ಅಂಗೈ ಕಲ್ಲಿನ ಮೇಲೆ ಇದೆ, ಆದರೆ ಕಣ್ಣು ಅಲ್ಲಿಲ್ಲ. ಎದುರಿಗೆ ಕೂತವಳ ಮುಖದ ಮೇಲಿದೆ. ಅವಳ ತುಟಿ ಸ್ವಲ್ಪ ಸೊಟ್ಟಗಾಗುತ್ತದೆ, ಅವನು 'ಪೊಳ್ಳು' ಅನ್ನುತ್ತಾನೆ. ಮುಂದಿನ ಕಲ್ಲು, ಮತ್ತೆ ಅದೇ ನೋಟ. ಅಷ್ಟು ದಿನ ಎದುರಿಗೇ ಕೂತಿದ್ದವಳು ಆ ನೋಟವನ್ನು ಒಂದು ಸಲವೂ ಗಮನಿಸಿರಲಿಲ್ಲ.

ಇಪ್ಪತ್ತಮೂರನೆಯ ಕಲ್ಲು ಬಂತು. ಅಷ್ಟರಲ್ಲಿ ಅವಳ ಫೋನು ಹೊಡೆದುಕೊಂಡಿತು. ಪರದೆಯ ಚಂದ್ರಕಲಾ ಎದ್ದು, ಕ್ಯಾಮೆರಾಕ್ಕೆ ಮುಖ ಮಾಡಿ, ಅಪ್ಪನಿಗೆ ಬೆನ್ನು ಕೊಟ್ಟು ನಿಂತಳು. ಅಪ್ಪ ಕುಟ್ಟಿದ. ಸುತ್ತಿಗೆ ಕೆಳಗಿಟ್ಟು ಕಾದ.

"ಚಂದ್ರೀ," ಎಂದ.

ಅವಳು ತಿರುಗದೆ ಒಂದು ಬೆರಳೆತ್ತಿ ತೋರಿಸಿದಳು. ಫೋನಿಗೆ ಹೇಳುತ್ತಿದ್ದಳು: "ಇಲ್ಲ ಸರ್, ಇಂಗ್ಲಿಷ್ ಹೆಸರು ಯಾವುದೂ ಬೇಡ. ನಮ್ಮ ತಂದೆಯವರ ಹೆಸರೇ ಇಡೋಣ. ಪೆನ್ನಪ್ಪ ಅಂತ. ಹೌದು ಸರ್, ಪೆನ್ನಪ್ಪ." ಅವಳ ಮುಖದ ತುಂಬ ನಗು ಇತ್ತು. ಬೆನ್ನ ಹಿಂದೆ ಅಪ್ಪ ಅವಳ ಜಡೆಯನ್ನೇ ನೋಡುತ್ತಾ ಇನ್ನೂ ಸ್ವಲ್ಪ ಹೊತ್ತು ಕಾದ. ಆಮೇಲೆ ಕಲ್ಲಿನ ಕಡೆ ತಿರುಗಿ, ಅದನ್ನೊಮ್ಮೆ ಸವರಿ, ಮೆಲ್ಲಗೆ 'ಗಟ್ಟಿ' ಎಂದ.

ಸಮೀಉಲ್ಲಾ ಪರದೆ ನಿಲ್ಲಿಸಿದ. ಚಂದ್ರಕಲಾ ಎದ್ದು ಹೋಗಿ ಕಿಟಕಿಯ ಹತ್ತಿರ ನಿಂತಳು. ಹೊರಗೆ ಬಸ್ಸುಗಳು ಎಂದಿನಂತೆ ಓಡಾಡುತ್ತಿದ್ದವು. ವಾಪಸು ಬಂದು, "ಎಲ್ಲ ದೀಪ ಕೆಂಪು ಮಾಡು," ಎಂದಳು.

"ಇನ್ನೂರ ಹದಿಮೂರೂ?"

"ಎಲ್ಲಾನೂ."

ವರದಿಗೆ ಶುಕ್ರವಾರದವರೆಗೆ ಕಾಯಲಿಲ್ಲ. ಅವತ್ತೇ ಬರೆದು, ಮೇಲಿನವರಿಗೂ ಪತ್ರಿಕೆಯವರಿಗೂ ಒಟ್ಟಿಗೇ ಕಳಿಸಿದಳು. ವ್ಯಾನಿನಲ್ಲಿ ಭಾರ ಹೆಚ್ಚಿರಲಿಲ್ಲ ಎಂದು ಮೊದಲ ಸಾಲಿನಲ್ಲೇ ಇತ್ತು. ಪರೀಕ್ಷಕರ ಎಡಗೈಗೆ ಆ ವರ್ಷ ಸ್ಪರ್ಶ ಇರಲಿಲ್ಲ. ಎದುರಿಗಿದ್ದ ಎಂಜಿನಿಯರರ ಮುಖ ನೋಡಿ ಅವರು ತೀರ್ಪು ಹೇಳುತ್ತಿದ್ದರು. ಇಪ್ಪತ್ತಮೂರನೆಯ ಕಲ್ಲಿನ ಹೊತ್ತಿಗೆ ಎಂಜಿನಿಯರ್ ಬೆನ್ನು ತಿರುಗಿಸಿ ಫೋನಿನಲ್ಲಿದ್ದರು. ಆ ಎಂಜಿನಿಯರ್ ನಾನು, ಎಂದು ಬರೆದು ಸಹಿ ಹಾಕಿದಳು.

ಜನ ಅಷ್ಟು ದೂರ ಎಲ್ಲಿ ಓದುತ್ತಾರೆ? ಕುರುಡುಗೈ ಮುದುಕ ಮಗಳಿಗೆ ಹೆಸರು ಬರಲಿ ಅಂತ ಸುಳ್ಳು ಹೇಳಿದ ಅಂದರು. ಬಸ್ಸುಗಳು ನಲವತ್ತು ಕಿಲೋಮೀಟರು ಸುತ್ತಿ ಹೋಗಬೇಕಾಯಿತು. ಸುತ್ತುವಾಗೆಲ್ಲ ಡ್ರೈವರುಗಳು ಪೆನ್ನಪ್ಪನ ಹೆಸರು ಹಿಡಿದು ಬೈದರು. ಹೆರಿಗೆಗೆ ಹೊರಟ ಹೆಂಗಸೊಬ್ಬಳು ದಾರಿಯಲ್ಲೇ ಹೆತ್ತಳು. ಯಂತ್ರಗಳ ಮೇಲಿನ ಹೆಸರನ್ನು ಕೆರೆದು ತೆಗೆದರು. ಮುದುಕ ಜಗಲಿಗೆ ಬರುವುದು ನಿಲ್ಲಿಸಿದ.

ಚಂದ್ರಕಲಾಗೆ ಮುಖ್ಯಸ್ಥೆಯ ಪದವಿ ಹೋಯಿತು, ಕೆಲಸ ಉಳಿಯಿತು. ಆ ಕೆಲಸ ಬೇರೆ ಯಾರೂ ಮಾಡುವಂಥದ್ದಲ್ಲ. ಎರಡನೆಯ ವರ್ಷದ ಪೆಟ್ಟುಗಳನ್ನೆಲ್ಲ ಒಂದೊಂದಾಗಿ ನೋಡಬೇಕು. ತನ್ನ ಮುಖ ಅಪ್ಪನ ಕಡೆ ಇದ್ದವು ಇರಲಿ. ಮುಖ ಬೇರೆ ಕಡೆ ಇದ್ದವನ್ನು ತೆಗೆದುಹಾಕಿ, ಸದ್ದನ್ನು ಮತ್ತೆ ಕೇಳಿ ತಾನೇ ತೀರ್ಪು ಹೇಳಬೇಕು. ಫೋನಿನಲ್ಲಿದ್ದದ್ದು, ಟೀ ಕುಡಿಯುತ್ತಿದ್ದದ್ದು, ಹಾಳೆಯ ಮೇಲೆ ಕಣ್ಣಿದ್ದದ್ದು, ಬೇಸರದಿಂದ ಹೊಳೆ ನೋಡುತ್ತಿದ್ದದ್ದು. ಅವು ಅಷ್ಟೊಂದು ಇರುತ್ತವೆಂದು ಅವಳು ಎಣಿಸಿರಲಿಲ್ಲ. ಪ್ರತಿಯೊಂದರಲ್ಲೂ ಮುದುಕ ಒಂದಿಷ್ಟು ಹೊತ್ತು ಕಾಯುತ್ತಿದ್ದ.

ಒಂದು ಭಾನುವಾರ ಬೆಳಿಗ್ಗೆ ಪೆನ್ನಪ್ಪ ಒಗೆದ ಪಂಚೆ ಉಟ್ಟು, ತಾನೂ ಬರುತ್ತೇನೆ ಎಂದ. ಅವಳು ಬೇಡವೆನ್ನಲಿಲ್ಲ. ಕಂಟ್ರೋಲ್ ರೂಮಿನಲ್ಲಿ ಅವತ್ತು ಇನ್ಯಾರೂ ಇರಲಿಲ್ಲ. ಅಪ್ಪನನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡಳು. ಕೈಗೆ ಬ್ಯಾಂಡೇಜು ಸುತ್ತಿತ್ತು. ಸಕ್ಕರೆ ಕಾಯಿಲೆಯಲ್ಲಿ ಬೊಕ್ಕೆ ಬೇಗ ಮಾಯುವುದಿಲ್ಲ.

"ಆ ಕಲ್ಲು ತೋರ್ಸವ್ವ."

"ಬೇಡ ಅಪ್ಪ."

"ತೋರ್ಸು. ಆ ಹುಡ್ಗನ ಮನೆಗೆ ಹೋಗಿ ಕಾಲು ಹಿಡಿಯಾಕೆ ಮುಂಚೆ ನಾನು ನೋಡ್ಬೇಕು."

ತೋರಿಸಿದಳು. ಮುದುಕ ಪರದೆಗೆ ಮುಖ ಹತ್ತಿರ ತಂದು, ತಾನು ಕುಟ್ಟುವುದನ್ನು, ಕರೆಯುವುದನ್ನು, ಮಗಳು ಬೆರಳೆತ್ತುವುದನ್ನು, ತಾನು ಕಾಯುವುದನ್ನು ನೋಡಿದ. 'ಗಟ್ಟಿ' ಎಂಬ ಮಾತು ಬಂದಾಗ ಕಣ್ಣು ಮುಚ್ಚಿಕೊಂಡ.

"ಇನ್ನೊಂದ್ಸಲ ಕರೀಬೇಕಿತ್ತು ನಾನು," ಎಂದ.

"ನಾನು ತಿರುಗಬೇಕಿತ್ತು ಅಪ್ಪ."

"ಇಲ್ಲ ಕಣವ್ವ. ನೀನು ನನ್ ಹೆಸ್ರು ಹೇಳ್ತಿದ್ದೆ. ಮಧ್ಯದಾಗೆ ಯಾಕೆ ಕರೀಲಿ ಅಂತ ಸುಮ್ನಾದೆ."

ಕೆಲಸ ಬೆಟ್ಟದಷ್ಟಿತ್ತು. ಚಂದ್ರಕಲಾ ಕಣ್ಣೊರೆಸಿಕೊಂಡು ಮುಂದಿನ ಪೆಟ್ಟು ಹಾಕಿದಳು. ಕತ್ತಲೆಯ ಕಮಾನಿನಲ್ಲಿ ಸುತ್ತಿಗೆ ಬಿದ್ದ ಸದ್ದು ಬಂತು. ಪರದೆಯ ಮೇಲಿನ ಮುದುಕ ತೀರ್ಪು ಹೇಳುವ ಮುಂಚೆ ಅವಳು ತಿರುಗಿ ಪಕ್ಕಕ್ಕೆ ನೋಡಿದಳು.

ಅಪ್ಪ ಪರದೆ ನೋಡುತ್ತಿರಲಿಲ್ಲ. ಅವಳ ಮುಖವನ್ನೇ ನೋಡುತ್ತಾ ಕಾಯುತ್ತಿದ್ದ.